ಬಟವಾಡೆ ಲೆಕ್ಕಕ್ಕೆ ಬೀಗ ಬೇಡ

ಎರಡು ವರ್ಷದ ಹಿಂದೆ ಪುನರ್ವಸು ಮಳೆ ಹಿಡಿದಿತ್ತು. ಹಾನುಬಾಳಿನ ಕಡೆ ಮರ ಬಿದ್ದು ಮೂರು ದಿನದಿಂದ ಕರೆಂಟಿಲ್ಲ, ಮೊಬೈಲ್ ಟವರೂ ಸತ್ತಿತ್ತು. ಅಂದು ಶನಿವಾರ, ಬಟವಾಡೆ. ಕೆಲಸದವರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕಣದ ಪಕ್ಕದ ಶೆಡ್ಡಿನಲ್ಲಿ ಕಾಯುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚೂರು ಬ್ಯಾಟರಿಯಲ್ಲಿ ಹಾಜರಿ ಹಾಳೆ ತೆಗೆದೆ. ತೆರೆಯಿತು, ಆದರೆ ಒಂದು ಅಂಕಿಯನ್ನೂ ತಿದ್ದಲು ಬಿಡಲಿಲ್ಲ. ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ ಆಫೀಸ್ ತಂತ್ರಾಂಶದ ಒಂದು ವರ್ಷದ ಅವಧಿ ಮುಗಿದಿತ್ತು. ದುಡ್ಡು ಕಟ್ಟಿ ಮುಂದುವರಿಸಿ ಎನ್ನುತ್ತಿತ್ತು. ಕಟ್ಟೋಣವೆಂದರೆ ಇಂಟರ್ನೆಟ್ ಎಲ್ಲಿದೆ?

ಹದಿನಾಲ್ಕು ಜನರ ವಾರದ ಹಾಜರಿ, ಓಟಿ, ಮುಂಗಡ ಎಲ್ಲ ಅದರೊಳಗೇ ಇತ್ತು. "ಅಣ್ಣಾ, ಅಂಗಡಿ ಮುಚ್ಬಿಡ್ತಾರೆ" ಎಂದು ಹೊರಗಿನಿಂದ ದನಿ ಬಂತು. ಮೇಣದಬತ್ತಿ ಹಚ್ಚಿ, ನೋಟ್‌ಬುಕ್ಕಿನಲ್ಲಿ ಕೂಡಿ ಕಳೆದು ಹಣ ಕೊಟ್ಟೆ. ಕಾಫಿ ತೋಟ ನನ್ನದು, ಲೆಕ್ಕ ನನ್ನದು, ಟೈಪ್ ಮಾಡಿದವನೂ ನಾನೇ. ಅದನ್ನು ತಿದ್ದಲು ಇನ್ನೊಬ್ಬರ ಅಪ್ಪಣೆ ಬೇಕು ಎಂಬುದನ್ನು ನನ್ನ ಮನಸ್ಸು ಇಂದಿಗೂ ಒಪ್ಪಿಲ್ಲ.

ಆಲೂರು ತಾಲ್ಲೂಕಿನ ಪಾಳ್ಯದಲ್ಲಿರುವ ಭಾವ ಮುಂದಿನ ವಾರ ಬಂದವರು ಲಿಬ್ರೆಆಫೀಸ್ ಹಾಕಿಕೊಟ್ಟರು. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದ ಮುಕ್ತ ತಂತ್ರಾಂಶವದು. ಹಳೆಯ ಹಾಜರಿ ಹಾಳೆ ಸೂತ್ರಗಳ ಸಮೇತ ತೆರೆಯಿತು. ಒಂದೆರಡು ಕಡೆ ಗೆರೆಗಳು ಆಚೀಚೆ ಆಗಿದ್ದವು, ಅರ್ಧ ಗಂಟೆಯಲ್ಲಿ ಸರಿಮಾಡಿಕೊಂಡೆ. ಅದಕ್ಕೆ ಅವಧಿ ಮುಗಿಯುವ ದಿನವೆಂಬುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಅಪ್ಪ ಬರೆದಿಟ್ಟ ಮಳೆ ಲೆಕ್ಕದ ಕತೆ ಬೇರೆ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು ಬರೆಯುತ್ತಿದ್ದರು. ಹೂಮಳೆ ಎಂದು ಬಂತು, ಎಷ್ಟು ಬಂತು, ಆಮೇಲಿನ ಮಳೆ ಕೈಕೊಟ್ಟಿತೇ, ಎಲ್ಲ ಅದರಲ್ಲಿದೆ. ಇಪ್ಪತ್ತು ವರ್ಷದ ಹಿಂದೆ ಅದನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೆವು. ಈಚೆಗೆ ತೆರೆದರೆ ಅಂಕಿಗಳು ಸರಿಯಿವೆ, ಷರಾ ಬರೆದ ಕಡೆಯೆಲ್ಲ ಕೊಂಬು ಬಾಲ ಅಂಟಿದ ಇಂಗ್ಲಿಷ್ ಅಕ್ಷರಗಳು. ಆ ಕಾಲದ ನುಡಿ, ಬರಹ ಎರಡರ ಫಾಂಟ್‌ಗಳೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡವನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡವೂ ಇಲ್ಲ. ಕನ್ನಡಕ್ಕೆ ಅವೆರಡೂ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ನುಡಿ ಬಿಟ್ಟಿಯಾಗಿ ಸಿಕ್ಕಿದ್ದರೂ ಅಪ್ಪನ ಷರಾ ಕೈತಪ್ಪಿತ್ತಲ್ಲ. ಬಿಟ್ಟಿ ಸಿಗುವುದೇ ಬೇರೆ, ಮುಕ್ತವಾಗಿರುವುದೇ ಬೇರೆ. ಅರವಿಂದ ವಿ.ಕೆ. ಬರೆದ ಮುಕ್ತ ಪರಿವರ್ತಕದಲ್ಲಿ ಹಾಕಿದಾಗ ಅದೆಲ್ಲ ಯೂನಿಕೋಡ್ ಆಗಿ ಬಂತು. "ಹೂವೆಲ್ಲ ಕಪ್ಪಾಯ್ತು" ಎಂಬ ಅಪ್ಪನ ಒಂದು ಸಾಲು ಮತ್ತೆ ಓದಿಸಿಕೊಂಡಾಗ ಕಣ್ಣು ತುಂಬಿತ್ತು.

ಮನೆಯಲ್ಲಿದ್ದ ಇನ್ನೊಂದು ಹಳೇ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಗುಜರಿಗೆ ಹಾಕುವ ಬದಲು ಲಿನಕ್ಸ್ ಮಿಂಟ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆವು. ಅದರ ಕೀಲಿಮಣೆ ಪಟ್ಟಿಯಲ್ಲಿ 'ಕಗಪ' ಎಂದೇ ಇದೆ, ನುಡಿ ಹೊರತಂದ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ.

ಎಲ್ಲವೂ ಸಲೀಸು ಎಂದು ನಾನು ಹೇಳಲಾರೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಪೇಟೆಯಲ್ಲಿ ನಮ್ಮ ಜಿಎಸ್‌ಟಿ ನೋಡಿಕೊಳ್ಳುವವರು ಅದನ್ನು ದುಡ್ಡು ಕೊಟ್ಟೇ ಬಳಸುತ್ತಾರೆ, ಅವರ ಕಸುಬಿಗೆ ಅದು ಬೇಕು. ದುಡ್ಡು ಕೊಟ್ಟು ಕೊಳ್ಳುವುದರ ಮೇಲೆ ನನಗೆ ಸಿಟ್ಟಿಲ್ಲ. ಕದ್ದ ಪ್ರತಿ ಹಾಕಿಸಿಕೊಳ್ಳುವುದರ ಮೇಲಿದೆ. ಇನ್ನೂರು ಮುನ್ನೂರಕ್ಕೆ ಕ್ರ್ಯಾಕ್ ಹಾಕಿಸಿ, ಜೊತೆಗೆ ವೈರಸ್ಸನ್ನೂ ಮನೆಗೆ ತರುವ ಅಭ್ಯಾಸ ನಮ್ಮೂರುಗಳಲ್ಲಿ ಮಾಮೂಲಾಗಿಬಿಟ್ಟಿದೆ. ಕಾಫಿ ಮೂಟೆ ಕದ್ದವನನ್ನು ಹಿಡಿದು ಕಂಬಕ್ಕೆ ಕಟ್ಟುವ ಊರಿಗೆ ಇದೂ ಕಳ್ಳತನ ಎಂದು ಏಕೆ ಅನಿಸುವುದಿಲ್ಲ?

ಲಿನಕ್ಸ್ ಕಷ್ಟ ಎನ್ನುವವರು ಘಟ್ಟದ ಕೆಳಗೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಅವರು ಶಾಲೆಯಲ್ಲಿ ಗಣಕ ಕಲಿಯುವುದೇ ಲಿನಕ್ಸ್‌ನಲ್ಲಿ. ಕೇರಳದ 'ಕೈಟ್' ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ವ್ಯವಸ್ಥೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತಿದೆ. ಅಲ್ಲಿನ ಕನ್ನಡದ ಮಗುವಿಗೆ ಆಗುವುದು ನಮ್ಮ ಹೆತ್ತೂರಿನ, ಮಗ್ಗೆಯ ಮಗುವಿಗೆ ಆಗದೇ?

ನಮ್ಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇವೆ. ಬೆಳೆಗಾರರ ಸಂಘಗಳು ಪ್ರತಿ ವರ್ಷ ಸಭೆ ಸೇರುತ್ತವೆ. ಈ ಸಲದ ಸಭೆಯಲ್ಲಿ ಗೊಬ್ಬರ, ಆನೆ ಹಾವಳಿಯ ಮಾತು ಮುಗಿದ ಮೇಲೆ ಒಂದು ಗಂಟೆ ಮುಕ್ತ ತಂತ್ರಾಂಶಕ್ಕೂ ಕೊಡಿ. ಹಾಕಿಕೊಡುವ ಹುಡುಗನಿಗೆ ಕೂಲಿ ಕೊಡಿ. ನಿಮ್ಮ ಹಾಜರಿ ಲೆಕ್ಕ, ಮಳೆ ಲೆಕ್ಕ ತಂದು ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಿ. ಮಳೆಗಾಲ ಹಿಡಿಯುವ ಮೊದಲೇ ಈ ಕೆಲಸ ಆಗಲಿ.