ಕಾವಲುಗಾರನ ಕಿವಿಗೆ ಹತ್ತಿ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ತೊಗರಿಯ ಹೊಲಗಳನ್ನು ನೋಡುತ್ತ ಸೇಡಮ್ಮಿಗೆ ಹೋದವರಿಗೆ ಆ ಸೀಮೆಯ ಮನೆಗಳ ಪರಿಚಯವಿದ್ದೀತು: ಶಹಾಬಾದಿನ ಕಲ್ಲು ಹಾಸಿದ ಅಂಗಳ, ಅದರ ಮೂಲೆಯಲ್ಲಿ ಒಂದು ದನದ ಕೊಟ್ಟಿಗೆ. 2022ರ ಮಳೆಗಾಲದ ಕೊನೆಯಲ್ಲಿ ನಾನು ಅಂಥದೊಂದು ಮನೆಗೆ, ನನ್ನ ಕಾಕಾ ಅವರನ್ನು ಕಾಣಲು ಹೋಗಿದ್ದೆ. ಚಿಂಚೋಳಿಯಿಂದ ಅವರು ಆಸೆಪಟ್ಟು ತಂದಿದ್ದ ದೇವಣಿ ಆಕಳ ಮೈಮೇಲೆಲ್ಲ ಅಡಿಕೆಯ ಗಾತ್ರದ ಗಂಟುಗಳು. ಅದು ಮೇವು ಮುಟ್ಟುತ್ತಿರಲಿಲ್ಲ, ಹಾಲು ಬತ್ತಿತ್ತು. ಎಳೆಗರು ಹಿಂದಿನ ವಾರವಷ್ಟೇ ಸತ್ತಿತ್ತಂತೆ.

“ಲಸಿಕೆ ಹಾಕಿಸಲಿಲ್ಲವೆ, ಕಾಕಾ?” ಎಂದೆ.

“ಡಾಕ್ಟರು ಓಣಿಗೇ ಬಂದಿದ್ರು. ಬ್ಯಾನಿ ನಮ್ಮ ಕಡಿ ಬಂದಾಗ ನೋಡಮು ಅಂದೆ. ಗಟ್ಟಿ ಆಕಳ ಅದ, ತಾನೇ ತಡಕೋತದ ಅಂತ ತಿಳದಿದ್ದೆ,” ಎಂದು ಅವರು ತಲೆ ತಗ್ಗಿಸಿದರು.

ಗಟ್ಟಿಮುಟ್ಟಾದ ದೇಹ ರೋಗವನ್ನು ತಾನೇ ತಡೆಯಲಾರದೆ? ಪ್ರಶ್ನೆ ಸಹಜವಾದುದೇ. ಉತ್ತರ ಮಾತ್ರ ಬಲು ಸ್ವಾರಸ್ಯವಾದುದು.

ಈ ಚರ್ಮಗಂಟು ರೋಗ ಮೊದಲು ಕಂಡದ್ದು 1929ರಲ್ಲಿ, ಆಫ್ರಿಕದ ಈಗಿನ ಜಾಂಬಿಯಾದಲ್ಲಿ. ಭಾರತದಲ್ಲಿ 2019ರಲ್ಲಿ ಒಡಿಶಾದಲ್ಲಿ ತಲೆದೋರಿ, ಮರುವರ್ಷ ಕರ್ನಾಟಕವನ್ನು ಮುಟ್ಟಿತು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದರ ವಾಹನ. ಕಾರಣವಾದ ವೈರಸ್ಸು ಸಿಡುಬಿನ ದೊಡ್ಡ ಕುಟುಂಬಕ್ಕೇ ಸೇರಿದ್ದು. ಆಡು ಕುರಿಗಳ ಸಿಡುಬಿಗಂತೂ ಬಹು ಹತ್ತಿರದ ದಾಯಾದಿ. ಆದರೆ ಮನುಷ್ಯರಿಗೆ ಇದು ಅಂಟುವುದಿಲ್ಲ.

ನಮ್ಮ ದೇಹವೂ ಆಕಳ ದೇಹವೂ ಕಾವಲಿಲ್ಲದ ಊರುಗಳಲ್ಲ. ಒಂದು ಜೀವಕೋಶಕ್ಕೆ ವೈರಸ್ಸು ನುಗ್ಗಿತೆಂದರೆ ಅದು ‘ಇಂಟರ್‌ಫೆರಾನ್’ ಎಂಬ ವಸ್ತುವನ್ನು ಹೊರಚೆಲ್ಲಿ ಡಂಗುರ ಸಾರುತ್ತದೆ. ಇದನ್ನು ಐಸಾಕ್ಸ್ ಮತ್ತು ಲಿಂಡನ್‌ಮನ್ ಎಂಬವರು 1957ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದರು. ಡಂಗುರ ಕೇಳಿದ ನೆರೆಯ ಕೋಶಗಳು ಕದ ಭದ್ರಪಡಿಸಿಕೊಳ್ಳುತ್ತವೆ. ರಕ್ತದ ಕಾವಲುಪಡೆ ಓಡಿಬರುತ್ತದೆ.

ಸಿಡುಬಿನ ಕುಲದ ಜಾಣತನವಿರುವುದು ಇಲ್ಲಿಯೇ. ಅದು ಕಾವಲುಗಾರನೊಡನೆ ಕುಸ್ತಿಗೆ ನಿಲ್ಲುವುದಕ್ಕೆ ಮೊದಲು ಅವನ ಕಿವಿಗೆ ಹತ್ತಿ ತುರುಕುತ್ತದೆ. ಚರ್ಮಗಂಟಿನ ವೈರಸ್ಸಿನ ಜೀನುಗಳನ್ನು ಪೂರ್ತಿಯಾಗಿ ಓದಿ 2001ರಲ್ಲಿ ಪ್ರಕಟಿಸಿದರು. ಸುಮಾರು 156 ಜೀನುಗಳಲ್ಲಿ ಹಲವು, ಪ್ರಾಣಿದೇಹದ ರಕ್ಷಣಾವ್ಯವಸ್ಥೆಯಿಂದಲೇ ಕದ್ದು ತಂದಂತೆ ಕಂಡವು. ಇಂಟರ್‌ಫೆರಾನನ್ನು ಆಲಿಸುವ ‘ಕಿವಿ’ಗಳು ಕೋಶಗಳ ಮೈಮೇಲೆ ಇರುತ್ತವಷ್ಟೆ? ಅವುಗಳ ನಕಲನ್ನು ತಯಾರಿಸುವ ಜೀನುಗಳು ಅದರಲ್ಲಿವೆ. ಈ ಹುಸಿಕಿವಿಗಳು ಸುದ್ದಿಯನ್ನು ದಾರಿಯಲ್ಲೇ ಹಿಡಿದುಬಿಟ್ಟರೆ ನೆರೆಮನೆಗೆ ಅದು ತಲಪುವುದೆಂತು? ಇನ್ನೊಂದು ಜೀನು ‘ಇಂಟರ್‌ಲ್ಯೂಕಿನ್-10’ ಎಂಬುದರ ಪ್ರತಿರೂಪ. ಅದು ಹೋರಾಟ ಮುಗಿದ ಮೇಲೆ “ಇನ್ನು ಸಾಕು, ಶಾಂತರಾಗಿ” ಎಂದು ದೇಹವೇ ಹೊರಡಿಸುವ ಅಪ್ಪಣೆ. ವೈರಸ್ಸು ಆ ಮೊಹರನ್ನೇ ನಕಲು ಮಾಡಿ, ಹೋರಾಟದ ನಡುವೆಯೇ ಅಪ್ಪಣೆ ಕಳಿಸುತ್ತದೆ!

ಈ ಕಳ್ಳಕೀಲಿಗಳು ಎಲ್ಲ ಬೀಗಗಳಿಗೂ ಒಂದೇ ಸಮನೆ ಹೊಂದುವುದಿಲ್ಲ. ನಮ್ಮ ರಕ್ತದಲ್ಲಿರುವ ‘ಕಾಂಪ್ಲಿಮೆಂಟ್’ ಎಂಬ ರಕ್ಷಣೆಯನ್ನು ಅಡಗಿಸುವ ಒಂದು ಪ್ರೋಟೀನು ಮನುಷ್ಯರ ಸಿಡುಬಿನ ವೈರಸ್ಸಿನಲ್ಲೂ ಇತ್ತು, ಲಸಿಕೆಗೆ ಬಳಸಿದ ಅದರ ಸೌಮ್ಯ ದಾಯಾದಿಯಲ್ಲೂ ಇದೆ. 2002ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಮನುಷ್ಯರ ಕಾಂಪ್ಲಿಮೆಂಟಿನ ಮುಖ್ಯ ಅಂಶವೊಂದನ್ನು ಕೆಡಿಸುವುದರಲ್ಲಿ ಸಿಡುಬಿನದು ಹತ್ತಿರಹತ್ತಿರ ನೂರುಪಟ್ಟು ಸಮರ್ಥ. ಒಂದು ಕೊಲ್ಲುವುದಕ್ಕೂ ಇನ್ನೊಂದು ಕಾಯುವುದಕ್ಕೂ ಇರುವ ಕಾರಣಗಳಲ್ಲಿ ಇದೂ ಒಂದಿರಬೇಕು.

ಹಾಗಾದರೆ ಲಸಿಕೆ ಮಾಡುವುದೇನು? ಸೌಮ್ಯ ದಾಯಾದಿಯನ್ನು ಮೊದಲೇ ತೋರಿಸಿ, ಕಳ್ಳನ ಮುಖಚಹರೆಯನ್ನು ಕಾವಲುಪಡೆಗೆ ಕಲಿಸುತ್ತದೆ. ಕಲಿತ ಪಡೆ ಡಂಗುರಕ್ಕೆ ಕಾಯಬೇಕಾಗಿಲ್ಲ; ಕಳ್ಳ ಹತ್ತಿಯನ್ನು ಹೊರತೆಗೆಯುವ ಮೊದಲೇ ಕೈ ಹಿಡಿಯುತ್ತದೆ. ಆದರೆ ಆ ಪಾಠಕ್ಕೆ ಎರಡು ಮೂರು ವಾರಗಳಾದರೂ ಬೇಕು. ಕಾಕಾ ಅವರ ‘ಬಂದಾಗ ನೋಡಮು’ ಸೋತದ್ದು ಇಲ್ಲಿ. ಆಗ ನಮ್ಮ ದನಗಳಿಗೆ ಹಾಕುತ್ತಿದ್ದುದು ಆಡಿನ ಸಿಡುಬಿನ ಲಸಿಕೆ. ಹಿಸ್ಸಾರ್ ಮತ್ತು ಇಜ್ಜತ್‌ನಗರದ ಸಂಶೋಧನಾ ಸಂಸ್ಥೆಗಳು ಈ ರೋಗದ್ದೇ ಲಸಿಕೆಯೊಂದನ್ನು 2022ರಲ್ಲಿ ಸಿದ್ಧಪಡಿಸಿದವು. ಹಿಸ್ಸಾರಿನ ಸಹಯೋಗದಿಂದ ನಮ್ಮ ಮಾಲೂರಿನ ಬಯೋವೆಟ್ ಸಂಸ್ಥೆ ರೂಪಿಸಿದ ಲಸಿಕೆಗೆ 2025ರ ಫೆಬ್ರವರಿಯಲ್ಲಿ ಪರವಾನಗಿ ದೊರೆಯಿತು.

ಅಂದು ರಾತ್ರಿ ಊಟದ ಹೊತ್ತಿನಲ್ಲಿ ಅಜ್ಜಿ ತಮ್ಮ ಸೆರಗು ಸರಿಸಿ ತೋಳು ತೋರಿಸಿದರು. ಬಾಲ್ಯದಲ್ಲಿ ಸಿಡುಬಿಗಾಗಿ ‘ದೇವಿ ಹಾಕಿಸಿದ’ ಎರಡು ದುಂಡು ಗುರುತುಗಳು ಹಾಗೆಯೇ ಇದ್ದವು. “ನಮ್ಮಪ್ಪ ಬ್ಯಾನಿ ಬರೂತನಕ ಕುಂತಿರಲಿಲ್ಲಪ್ಪ,” ಎಂದಷ್ಟೇ ಹೇಳಿದರು. ಸಿಡುಬು 1975ರಲ್ಲಿ ಭಾರತವನ್ನು ಬಿಟ್ಟಿತು. 1980ರಲ್ಲಿ ಲೋಕವನ್ನೇ ಬಿಟ್ಟಿತೆಂದು ಸಾರಲಾಯಿತು. ಅಂಥ ಕೋಟ್ಯಂತರ ತೋಳುಗಳ ಗುರುತುಗಳೇ ಅದಕ್ಕೆ ಕಾರಣ.

ಆಕಳು ಉಳಿಯಿತು; ಚರ್ಮದ ಮೇಲೆ ಕಲೆಗಳು ನಿಂತವು. ಮುಂದೆ ಅದು ಮತ್ತೊಂದು ಕರು ಹಾಕಿತು. ಓಣಿಗೆ ಲಸಿಕೆ ಬಂದ ದಿನ ಕಾಕಾ ಆ ಕರುವಿನ ಹಗ್ಗ ಹಿಡಿದು ಎಲ್ಲರಿಗಿಂತ ಮೊದಲು ನಿಂತಿದ್ದರೆಂದು ಕಾಕಿಯ ಪತ್ರ ಬಂದಿದೆ.