ಬಲ್ಲವರ ಮರೆವು

ಗಣಕಯಂತ್ರಕ್ಕೆ ನಾವು ಬರೆದುಕೊಡುವ ಆದೇಶಗಳ ಸರಣಿಗೆ ಕ್ರಮವಿಧಿ ಎಂದು ಹೆಸರು. ಅದನ್ನು ಬರೆಯಲು ಹೊಸದಾಗಿ ಕಲಿಯುತ್ತಿರುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. '20ನೆಯ ಸಾಲಿನಲ್ಲಿ ದೋಷವಿದೆ' ಎಂದು ಯಂತ್ರವು ತಿಳಿಸುತ್ತದೆ. ಆಕೆ ಆ ಸಾಲನ್ನು ಹತ್ತು ಬಾರಿ ಓದುತ್ತಾಳೆ. ಒಂದೊಂದು ಅಕ್ಷರವನ್ನೂ ಪರೀಕ್ಷಿಸುತ್ತಾಳೆ. ಅಲ್ಲಿ ತಪ್ಪೇ ಇಲ್ಲ! ಅಷ್ಟರಲ್ಲಿ ಅನುಭವಸ್ಥರೊಬ್ಬರು ಬಂದು, ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿ, 18ನೆಯ ಸಾಲಿನಲ್ಲಿ ತೆರೆದು ಮುಚ್ಚದೆ ಬಿಟ್ಟಿದ್ದ ಆವರಣ ಚಿಹ್ನೆಯನ್ನು ಮುಚ್ಚಿ, "ಗಮನವಿಟ್ಟು ನೋಡಬೇಕಮ್ಮ" ಎಂದು ಹೇಳಿ ಹೊರಟುಹೋಗುತ್ತಾರೆ.

ಆಕೆ ಗಮನವಿಟ್ಟೇ ನೋಡಿದ್ದಳು. ಆಕೆಗೆ ತಿಳಿಯದಿದ್ದುದು ಬೇರೆ. ಆವರಣವು ಮುಂದೆಲ್ಲಿಯೋ ಮುಚ್ಚುವುದೆಂದು ಯಂತ್ರವು ಓದುತ್ತಲೇ ಹೋಗುತ್ತದೆ. ಇನ್ನು ಅರ್ಥವಾಗದು ಎಂಬಲ್ಲಿ ನಿಲ್ಲುತ್ತದೆ. ತಾನು ನಿಂತ ಸಾಲನ್ನು ಹೇಳುತ್ತದೆ. ಎಡವಿದ ಕಲ್ಲು ಹಿಂದೆಯೇ ಉಳಿದಿರುತ್ತದೆ. ಅನುಭವಸ್ಥರಿಗೆ ಇದು ಗೊತ್ತು. ಆದರೆ ಇದೂ ಒಂದು ಕಲಿತ ವಿದ್ಯೆಯೆಂಬುದನ್ನು ಅವರು ಎಂದೋ ಮರೆತಿದ್ದಾರೆ.

ಇಂಥ ಸಂಗತಿಗಳು ಒಂದೆರಡಲ್ಲ. ಅನೇಕ ಕ್ರಮವಿಧಿ ಭಾಷೆಗಳಲ್ಲಿ ಎಣಿಕೆ 0ಯಿಂದ ಆರಂಭವಾಗುತ್ತದೆ. ಇಂಗ್ಲಿಷಿನ ಒಂದೇ ಪದವನ್ನು ದೊಡ್ಡಕ್ಷರದಿಂದ ಆರಂಭಿಸಿದರೆ ಒಂದು ಹೆಸರು, ಚಿಕ್ಕಕ್ಷರದಿಂದ ಆರಂಭಿಸಿದರೆ ಮತ್ತೊಂದು! ಅಂಥ ಭೇದವೇ ಇಲ್ಲದ ಕನ್ನಡ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಡವೆ?

ಕಲಿತವರ ನಡುವೆಯೂ ಈ ತೊಡಕು ತಪ್ಪಿದ್ದಲ್ಲ. ಡೆನ್ಮಾರ್ಕಿನ ಗಣಕ ವಿಜ್ಞಾನಿ ಪೀಟರ್ ನೌರ್ ಅವರು 1985ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ನಿದರ್ಶನವಿದೆ. ಒಂದು ತಂಡವು ರಚಿಸಿದ 'ಕಂಪೈಲರ್' ಎಂಬ ಕ್ರಮವಿಧಿಯನ್ನು ಇನ್ನೊಂದು ತಂಡವು ವಿಸ್ತರಿಸಬೇಕಾಗಿತ್ತು. ಪೂರ್ಣ ಪಠ್ಯ, ವಿವರಣೆಗಳು, ಸಲಹೆ, ಎಲ್ಲವೂ ಅವರಿಗೆ ದೊರೆತಿದ್ದವು. ಆದರೂ ಅವರು ಸೂಚಿಸಿದ ಹಲವು ಬದಲಾವಣೆಗಳು ಮೂಲರಚನೆಯನ್ನೇ ಕೆಡಿಸುವ ತೇಪೆಗಳಾಗಿದ್ದವು. ಮೊದಲ ತಂಡದವರು ಅದನ್ನು ಕಂಡೊಡನೆಯೇ ಗುರುತಿಸಿ, ಇದ್ದ ರಚನೆಯೊಳಗೇ ಸರಳ ಪರಿಹಾರವನ್ನು ತೋರಿಸಿದರು. ಬೇಕಾಗಿದ್ದ ಅರಿವು ಕಾಗದದಲ್ಲಿರಲಿಲ್ಲ, ಅವರ ಮನಸ್ಸಿನಲ್ಲಿತ್ತು.

ಅಂಥ ಅರಿವನ್ನು ಪೂರ್ಣವಾಗಿ ಬರೆದಿಡಲಾಗದೆಂಬುದು ನೌರ್ ಅವರ ಅಭಿಪ್ರಾಯ. ಒಪ್ಪತಕ್ಕ ಮಾತೇ. ಆದರೆ ಆವರಣದ ವಿಷಯ ಹಾಗಲ್ಲ. ಅದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. "ನಾವು ಬಿದ್ದು ಎದ್ದು ಕಲಿಯಲಿಲ್ಲವೆ? ಅವರೂ ಕಲಿಯಲಿ" ಎನ್ನುವವರುಂಟು. ಬಿದ್ದು ಏಳದೆಯೇ ಹೊರಟುಹೋದವರು ಅವರ ಲೆಕ್ಕಕ್ಕೆ ಸಿಗುವುದಿಲ್ಲ. ಆ ವಿದ್ಯಾರ್ಥಿನಿ ಅಂದು ಮನೆಗೆ ಹೋಗುವಾಗ ಆವರಣದ ವಿಷಯವನ್ನು ಯೋಚಿಸುತ್ತಿರುವುದಿಲ್ಲ; ಈ ವಿದ್ಯೆಗೆ ಬೇಕಾದ ಬುದ್ಧಿ ತನಗಿಲ್ಲವೆಂದು ಯೋಚಿಸುತ್ತಿರುತ್ತಾಳೆ.

ಕಲಿಸುವವರು ಕೀಲಿಮಣೆಯನ್ನು ಮುಟ್ಟದೆ ಆಕೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು, "ಈಗ ಏನನ್ನು ನೋಡುತ್ತಿದ್ದೀಯೆ, ಏಕೆ?" ಎಂದು ಕೇಳಬೇಕು. ತಾವು ಏನನ್ನು ಹೇಳದೆ ಬಿಟ್ಟಿದ್ದೇವೆ ಎಂಬುದು ಆಕೆಯ ಉತ್ತರದಿಂದಲೇ ಅವರಿಗೆ ತಿಳಿಯುತ್ತದೆ.