ಈಗ ಮೇಷ್ಟ್ರದ್ದೇ ಹೆಬ್ಬೆಟ್ಟು!

ಹೈಬ್ರಿಡ್ ಅಂದ್ರೆ ಹಳ್ಳಿಯವರಿಗೆ ಜೋಳ ಗೊತ್ತು, ಟೊಮ್ಯಾಟೊ ಗೊತ್ತು. ಈಗ ಕ್ಲಾಸುಗಳೂ ಹೈಬ್ರಿಡ್ ಆಗಿವೆ. ಅರ್ಧ ಪಾಠ ಮೇಷ್ಟ್ರದು, ಅರ್ಧ ಗೋಡೆಯ ಮೇಲಿನ ಟಿ.ವಿ.ಯದು. ಸರ್ಕಾರ ಕೊಡುತ್ತೆ, ಕಂಪನಿಯವರು ಕೊಡ್ತಾರೆ, ಹಳೇ ವಿದ್ಯಾರ್ಥಿಗಳು ಚಂದಾ ಎತ್ತಿ ಕೊಡ್ತಾರೆ. ಟೇಪು ಕತ್ತರಿಸೋದಕ್ಕೆ ಗಣ್ಯರು, ಮಾರನೇ ದಿನ ಪತ್ರಿಕೆಯಲ್ಲಿ ಫೋಟೋ. ಸಂತೋಷದ ವಿಷಯವೇ.

ಅದೇ ಶಾಲೆಯ ಏಳನೇ ಕ್ಲಾಸಿನ ಹುಡುಗನ ಕೈಗೆ ಒಂದು ಹಾಳೆ ಕೊಟ್ಟು, "ಅಕ್ಕನ ಮದುವೆ, ಎರಡು ದಿನ ರಜಾ ಬೇಕು ಅಂತ ಬರಿಯಪ್ಪಾ" ಅಂದು ನೋಡಿ. 'ಮಾನ್ಯರೇ' ಅಂತ ಬರೆದು ಪೆನ್ನು ಕಚ್ಚುತ್ತ ಕೂರುತ್ತಾನೆ. ಹುಡುಗ ದಡ್ಡನಲ್ಲ. ಬಾಯಲ್ಲಿ ಕೇಳಿದರೆ ಮದುವೆ ಯಾವ ಛತ್ರದಲ್ಲಿ, ಗಂಡಿನ ಕಡೆಯವರ ಬಸ್ಸು ಎಷ್ಟು, ಅಡುಗೆಯವರು ಯಾರು, ಎಲ್ಲ ಒದರುತ್ತಾನೆ. ಬಾಯಲ್ಲಿದ್ದದ್ದು ಕೈಗೆ ಇಳಿಯುವುದಿಲ್ಲ, ಅಷ್ಟೆ.

ಎಲ್ಲಾ ಕೊರೋನಾದಿಂದ ಕೆಟ್ಟಿತು ಅಂದುಬಿಡೋದು ಸುಲಭ. ಮುಂಚೆಯೂ ಭಾಳ ಚೆನ್ನಾಗೇನೂ ಇರಲಿಲ್ಲ. ಬೆಳಗಾಗೆದ್ದು ಹಾಲು ಕರೆದು ಡೈರಿಗೆ ಹಾಕಿ ಬರುವ ಹುಡುಗಿ, ಶಾಲೆಗೆ ಬಂದು 'ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ' ಅಂತ ಗೈಡಿನಿಂದ ನಕಲು ಮಾಡುವುದು ಹಳೇ ಪದ್ಧತಿ. ಕೊರೋನಾ ಬಂದು ಆ ನಕಲಿನ ಮೇಲಿದ್ದ ಮೇಷ್ಟ್ರ ಕಣ್ಣೂ ಹೋಯಿತು.

2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ 'ವಿದ್ಯಾಗಮ'. ಮೇಷ್ಟ್ರು, ಮೇಡಂಗಳು ಗುಡಿ ಜಗಲಿ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಆ ಕೆಲಸಕ್ಕೆ ಕೈ ಮುಗಿಯಬೇಕು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದಕ್ಕೂ ತಡೆ ಬಿತ್ತು. ಉಳಿದದ್ದು ವಾಟ್ಸಾಪು. ಹೊಲದಿಂದ ಅಪ್ಪ ಬರಬೇಕು, ಅವನ ಫೋನಿನಲ್ಲಿ ಹೋಂವರ್ಕಿನ ಫೋಟೋ ಹೋಗಬೇಕು. ಅತ್ತ ಮೇಷ್ಟ್ರ ಫೋನಿಗೆ ನಲವತ್ತು ಮಬ್ಬು ಫೋಟೋ. ಅವರಾದರೂ ಏನು ಮಾಡ್ಯಾರು? ಒಂದೊಂದಕ್ಕೂ ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಿಸಿದರು. ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸೋದಕ್ಕೆ ಊರೂರಲ್ಲಿ ಸಾಕ್ಷರತಾ ಆಂದೋಲನ ನಡೆಸಿದ ನಾಡಿನಲ್ಲಿ ಮೇಷ್ಟ್ರೇ ಹೆಬ್ಬೆಟ್ಟು ಒತ್ತುವಂತಾಯಿತು!

2021ರ ಜುಲೈ 19 ಮತ್ತು 22ರ ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನಪಿರಬಹುದು. ಎರಡೇ ದಿನದಲ್ಲಿ ಆರು ವಿಷಯ. ಕನ್ನಡಕ್ಕೂ ಒಂದು ವಾಕ್ಯ ಬರೆಯಬೇಕಾಗಿರಲಿಲ್ಲ. ಸರಿಯುತ್ತರದ ಸೊನ್ನೆಗೆ ಮಸಿ ತುಂಬಿದರಾಯಿತು. 8 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದು, ಅಲ್ಲ, ತುಂಬಿ, ನಪಾಸಾದದ್ದು ಒಬ್ಬರೇ. ರೋಗದ ಕಾಲ, ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಆ ಮಕ್ಕಳೇ ಈಗ ಪೇಟೆಯ ಅಂಗಡಿಗಳಲ್ಲಿ ಕೆಲಸಕ್ಕಿದ್ದಾರೆ. ಎರಡು ಮೂಟೆ ಕಡಿಮೆ ಬಂದಿದೆ, ಮಂಡಿಯವರಿಗೆ ನಾಲ್ಕು ಸಾಲು ಬರಿ ಅಂದರೆ "ವಾಯ್ಸ್ ಮೆಸೇಜ್ ಹಾಕ್ಲಾ ಅಣ್ಣಾ?" ಅನ್ನೋ ಹುಡುಗ ಎಷ್ಟು ಅಂಗಡಿಯಲ್ಲಿಲ್ಲ? ಬಸ್ ಪಾಸಿಗೂ ಈಗ ಸೇವಾಸಿಂಧು. ಗ್ರಾಮ ಒನ್ ಕೇಂದ್ರದವನೇ ಕೀಲಿ ಒತ್ತಿ ಅರ್ಜಿ ತುಂಬುತ್ತಾನೆ. ಆದರೆ ಅಜ್ಜಿಯ ಪಿಂಚಣಿ ನಿಂತರೆ, ಪಹಣಿಯಲ್ಲಿ ಹೆಸರು ತಪ್ಪಿದರೆ ಕಚೇರಿಯವರು ಇವತ್ತಿಗೂ ಹೇಳುವ ಮೊದಲ ಮಾತು, "ಬರೆದು ಕೊಡ್ರಿ." ಬರೆಯಲು ಬಾರದವನ ದೂರು ಅಲ್ಲಿಗೇ ಮುಗಿಯಿತು.

ಟಿ.ವಿ. ಬೇಡ ಅನ್ನೋದು ಮೂರ್ಖತನ. ಒತ್ತಕ್ಷರ ಹೇಗೆ ಬರೆಯಬೇಕೆಂದು ಅದು ಬಣ್ಣಬಣ್ಣವಾಗಿ ತೋರಿಸುತ್ತೆ. ಆದರೆ ಮೂರನೇ ಸಾಲಿನ ಹುಡುಗಿ 'ಹಾಲು' ಅನ್ನೋದನ್ನು 'ಆಲು' ಅಂತ ಬರೆದದ್ದು ಅದಕ್ಕೆ ಕಾಣಿಸುವುದಿಲ್ಲ. "ಹಸು ಒದ್ದ ಮೇಲೆ ಏನಾಯ್ತಮ್ಮ, ಅದನ್ನೂ ಬರಿ" ಅಂತ ಅದು ಕೇಳುವುದೂ ಇಲ್ಲ. ಅದಕ್ಕೆ ಮೇಷ್ಟ್ರು ಪಕ್ಕದಲ್ಲಿ ಕೂರಬೇಕು. ಲೆಕ್ಕ ಹಾಕಿ: ನಲವತ್ತು ಮಕ್ಕಳು, ವಾರಕ್ಕೆ ಒಂದು ಪುಟ, ತಿದ್ದಲು ತಲಾ ಐದು ನಿಮಿಷ. ಇನ್ನೂರು ನಿಮಿಷ ಆಯಿತು, ಅಂದರೆ ನಲವತ್ತು ನಿಮಿಷದ ಐದು ಪೀರಿಯಡ್. ಆ ಐದು ಪೀರಿಯಡ್ಡನ್ನು ಟಿ.ವಿ. ಬಿಡಿಸಿಕೊಡಬಹುದು. ಎರಡು ಕ್ಲಾಸಿಗೆ ಒಬ್ಬರೇ ಇರುವ ಶಾಲೆಯಲ್ಲಿ ಒಂದು ಕ್ಲಾಸು ಪರದೆಯ ಮುಂದೆ ಕೂರಲಿ. ಮೇಷ್ಟ್ರು ಕೆಂಪು ಪೆನ್ನು ಹಿಡಿದು ಇನ್ನೊಂದರಲ್ಲಿ ಕೂರಲಿ. ಮಾರನೇ ದಿನ ಅದಲು ಬದಲು.

ಆಗುತ್ತಿರುವುದು ಬೇರೆ. ಹೈಬ್ರಿಡ್ ಜೋಳ ಬಿತ್ತಿದ ರೈತನಿಗೆ ಗೊತ್ತು, ಹೊಸ ಬೀಜ ಬಂತೂಂತ ಗೊಬ್ಬರ ನಿಲ್ಲಿಸೋ ಹಾಗಿಲ್ಲ, ಇನ್ನೂ ಒಂದು ಕೈ ಹೆಚ್ಚೇ ಹಾಕಬೇಕು. ಮೇಲಿನವರಿಗೆ ಇದು ತಿಳಿಯದು. ಮೇಷ್ಟ್ರು ಅಂದ್ರೆ ಮೊಟ್ಟೆ ಲೆಕ್ಕ, ಕಂಪ್ಯೂಟರಿಗೆ ಅಂಕಿ ತುಂಬೋದು, ಚುನಾವಣೆ. 2025ರಲ್ಲಂತೂ ಸಮೀಕ್ಷೆಗೆ ಮನೆಮನೆ ಅಲೆಸಿ, ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಹೀಗಿರುವಾಗ ನೋಟ್‌ಬುಕ್ ತಿದ್ದೋದು ಯಾವಾಗ ಸ್ವಾಮಿ?

ಮುಂದಿನ ಎಸ್.ಡಿ.ಎಂ.ಸಿ. ಸಭೆಗೆ ಹೋಗುವ ತಂದೆ-ತಾಯಂದಿರು ಟಿ.ವಿ. ನೋಡಿ ಬಂದದ್ದು ಸಾಕು. ಮಗುವಿನ ಕನ್ನಡ ನೋಟ್‌ಬುಕ್ ತೆಗೆಸಿ ಪುಟ ತಿರುವಲಿ. ಕೆಂಪು ಶಾಯಿ ಇದೆಯೋ ಇಲ್ಲವೋ ನೋಡೋದಕ್ಕೆ ಓದು ಬರಹ ಬರಲೇಬೇಕು ಅಂತೇನಿಲ್ಲ.